ಬಿದ್ದರೆ ಯಾರ ಕೊರಳಿಗೆ?

ಅಂಗಡಿ, ಮಗ್ಗ, ಖಾನಾವಳಿಗಳಿಗೆ ವಿಮೆ ಮಾಡಿಸುತ್ತ ತಿರುಗುವವನಿಗೆ ಒಂದು ಕಪ್ ಚಹಾ ನೆಮ್ಮದಿಯಿಂದ ಕುಡಿಯುವ ಯೋಗವಿಲ್ಲ. ಕುಂತರೆ ತಲೆಯ ಮೇಲಿನ ಫ್ಯಾನು ಅಲುಗಾಡುವುದು ಕಾಣುತ್ತದೆ, ಎದ್ದರೆ ಕಾಲ ಕೆಳಗಿನ ಹರಿದ ವಯರು ಕಾಣುತ್ತದೆ. ಜಮಖಂಡಿಯಲ್ಲಿ ಬೈಕ್ ಹತ್ತಿ ಬೀಳಗಿ, ಮುಧೋಳ, ಬನಹಟ್ಟಿ ಅಂತ ಅಲೆಯುವ ನನಗೆ ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವೇ ಇಲ್ಲ, ಅವೇ ಬಂದು ಗಂಟು ಬೀಳುತ್ತವೆ.

ಪೆಂಡಾಲು

ಬೀಳಗಿಯಲ್ಲಿ ಸಂಬಂಧಿಕರ ಮದುವೆ. ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ನಾನು ಪೆಂಡಾಲಿನ ಬೊಂಬುಗಳನ್ನು ನೋಡುತ್ತಿದ್ದೆ. ಒಂದು ಬೊಂಬು ನಮ್ಮ ಕಡೆಗೇ ವಾಲಿತ್ತು. ಪೆಂಡಾಲು ಹಾಕಿದವನು ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಂತಿದ್ದ.

"ಇದು ಯಾರ ಮ್ಯಾಲರೆ ಬಿದ್ರ ಹೊಣಿ ಯಾರದ್ರಿ?" ಅಂತ ಕೇಳಿದೆ.

"ಇಲ್ಲೀತನಾ ಒಂದೂ ಬಿದ್ದಿಲ್ರಿ."

"ಬಿದ್ರ?"

ಅವನು ಎಲೆಯಡಿಕೆ ಉಗುಳಿ ಬಂದು ಸಮಾಧಾನದಿಂದ ಹೇಳಿದ: "ಅಕ್ಕಿಕಾಳು ಬೀಳೂತನಾ ಹೊಣಿ ನಂದು. ಬಿದ್ದ ಮ್ಯಾಲ ಬೀಗರದು."

ಹೆಂಡತಿ ಅಂಗಿ ಹಿಡಿದು ಎಳೆದರೂ ನಾನು ನಿಲ್ಲಲಿಲ್ಲ. ನನ್ನ ಪಾಲಿನ ಅಕ್ಕಿಕಾಳನ್ನು ರಸ್ತೆಯಲ್ಲಿ ನಿಂತೇ ಒಳಗೆ ಎಸೆದೆ.

ಬೇಟೆನಾಯಿ

ಮುಧೋಳದ ಹತ್ತಿರ ಒಬ್ಬರು ಬೇಟೆನಾಯಿ ಸಾಕಿ ಮಾರುತ್ತಾರೆ. ನಾಯಿ ಯಾರಿಗಾದರೂ ಕಡಿದು, ಕಡಿಸಿಕೊಂಡವರು ಕೋರ್ಟಿಗೆ ಹೋದರೆ ಗತಿಯೇನು ಅಂತ ಚಿಂತೆ ಹತ್ತಿ ನನ್ನನ್ನು ಕರೆಸಿದ್ದರು.

"ಇಲ್ಲೀತನಾ ಯಾರಿಗರೆ ಕಡದೈತೇನ್ರಿ?" ಅಂದೆ. ನಾಯಿ ನನ್ನ ಮೊಣಕಾಲನ್ನೇ ನೋಡುತ್ತಿತ್ತು.

"ಏ, ಇಲ್ರಿ. ಕೂಸ ಇದ್ದಂಗ ಐತಿ."

ಅಷ್ಟರಲ್ಲಿ ತೇರದಾಳದ ಸಿಮೆಂಟ್ ವ್ಯಾಪಾರಿಯೊಬ್ಬರು ಗೋದಾಮು ಕಾಯಲು ನಾಯಿ ಬೇಕೆಂದು ಬಂದರು. ಅವರ ಮೊದಲ ಪ್ರಶ್ನೆಯೂ ಅದೇ: "ಯಾರಿಗರೆ ಕಡದೈತೇನ್ರಿ?"

ನಾಯಿಯ ಯಜಮಾನರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ವ್ಯಾಪಾರಿಯ ಮುಖ ನೋಡಿದರು. ಆಮೇಲೆ, "ಸಾಹೇಬ್ರ, ನೀವು ಒಂದೀಟು ಹೊರಗ ನಿಂದ್ರಿ" ಅಂದರು. ನಾನು ಗೇಟಿನ ಹತ್ತಿರ ಹೋಗಿ, ಈ ನಾಯಿ ಗೋಡೆ ಹಾರಬಲ್ಲುದೇ ಅಂತ ಲೆಕ್ಕ ಹಾಕುತ್ತ, ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತ ನಿಂತೆ. ಒಳಗಿನಿಂದ ಯಜಮಾನರ ದನಿ ಜೋರಾಗಿ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ವ್ಯಾಪಾರಿ ಖುಷಿಯಿಂದ ಹೊರಗೆ ಬಂದು, ನನ್ನನ್ನು ಅಡಿಯಿಂದ ಮುಡಿತನಕ ನೋಡಿ, ಕನಿಕರದಿಂದ ಕೇಳಿದರು:

"ಪಾಪ, ನಿಮಗ ಎಲ್ಲಿ ಕಡೀತ್ರಿ?"

ತಗಡಿನ ಮೇಲಿನ ಕಲ್ಲು

ಇವೆರಡನ್ನೂ ಮರೆತೇನು, ಬನಹಟ್ಟಿಯ ಮಗ್ಗದ ಮಾಲಕರನ್ನು ಮರೆಯಲಾರೆ. ಕಂಡವರ ಮಗ್ಗದಲ್ಲಿ ಕೂಲಿಗೆ ನೇಯ್ದು ನೇಯ್ದು ಸ್ವಂತಕ್ಕೆ ನಾಲ್ಕು ಪಾವರ್‌ಲೂಮ್ ಹಾಕಿದವರು. ಮುಂದೆ ಶೆಡ್ಡು, ಹಿಂದೆ ಮನೆ, ನಡುವೆ ಒಂದೇ ಗೋಡೆ. ಗಂಡ ಹೆಂಡಿರ ಇಡೀ ಬದುಕೇ ಆ ಒಂದು ಜಾಗದಲ್ಲಿತ್ತು. ಒಂದು ಅನಾಹುತವಾದರೆ ಎಲ್ಲವೂ ಒಟ್ಟಿಗೇ ಹೋಗುತ್ತದಲ್ಲ ಅಂತ ನನಗೆ ಖರೆ ಹೆದರಿಕೆಯಾಗುತ್ತಿತ್ತು. ಅವರಿಗೆ ಮಾತ್ರ ಏನೂ ಇಲ್ಲ.

ಶೆಡ್ಡಿನ ತಗಡು ಗಾಳಿಗೆ ಹಾರಬಾರದೆಂದು ಅಂಚಿನಲ್ಲಿ ಒಂದು ಕಲ್ಲು ಹೇರಿದ್ದರು. ಕೆಳಗೆ ಓಣಿಯ ಮಂದಿ ಓಡಾಡುವ ದಾರಿ.

"ಮಾಲಕ್ರ, ಗಾಳಿಗೆ ತಗಡು ಅಲುಗಿ ಆ ಕಲ್ಲು ಯಾರದರೆ ತಲಿ ಮ್ಯಾಲ ಬಿದ್ರ ನಿಮ್ಮ ಕೊರಳಿಗೆ ಬರ್ತೈತ್ರಿ" ಅಂದೆ.

ಅವರು ಕಲ್ಲನ್ನು ನೋಡಿ, "ಖರೆ ಐತ್ರಿ. ನಾಳೆನ ವ್ಯವಸ್ಥಾ ಮಾಡ್ತೇನಿ" ಅಂದರು. ಅವತ್ತು ಸಮಾಧಾನದಿಂದ ಜಮಖಂಡಿಗೆ ಬಂದೆ. ಮುಂದಿನ ವಾರ ಹೋದಾಗ ಅವರೇ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು.

"ನೋಡ್ರಿ. ಆ ಕಲ್ಲ ತಗದು ಅದಕ್ಕಿಂತ ದೊಡ್ಡದ ಇಟ್ಟೇನಿ. ಈಗ ಎಂಥಾ ಗಾಳಿಗೂ ಅಲಗ್ಯಾಡಂಗಿಲ್ಲ."

ಹೆಸರು ಬದಲು

ನನಗೆ ತಡೆಯಲಾಗಲಿಲ್ಲ. "ಅದು ಬಿದ್ದು ಯಾರರೆ ದಾವೆ ಹಾಕಿದ್ರಂದ್ರ ಮಗ್ಗ ಅಷ್ಟ ಅಲ್ರಿ, ಮನೀನೂ ಹೋಗ್ತೈತಿ" ಅಂದುಬಿಟ್ಟೆ. ಮನೆ ಅಂದ ಕೂಡಲೇ ಅವರ ಮುಖ ಇಳಿಯಿತು.

ಮತ್ತೆ ಹೋಗುವಷ್ಟರಲ್ಲಿ ಶೆಡ್ಡು, ಮಗ್ಗ, ಮನೆ ಎಲ್ಲವನ್ನೂ ಹೆಂಡತಿಯ ಹೆಸರಿಗೆ ಮಾಡಿ, ಮಾಲಕರು ಕಟ್ಟೆಯ ಮೇಲೆ ಕಾಲು ಚಾಚಿ ಕುಂತಿದ್ದರು.

"ಈಗ ಯಾರ ಮ್ಯಾಲೆ ಏನ ಬಿದ್ರೂ ನನ್ನ ಹೆಸರಿಲೆ ಏನೂ ಇಲ್ಲ. ಪಾಲಸಿ ಯಾತಕ್ಕರಿ?"

"ಅಲ್ರಿ, ಈಗ ಅಕ್ಕಾರ ಮಾಲಕ್ರಾದ್ರಲ್ಲ. ದಾವೆ ಅವರ ಮ್ಯಾಲೆ ಬರ್ತೈತಿ."

ಇದು ಅವರಿಗೆ ಹೊಳೆದಿರಲಿಲ್ಲ. ಒಳಗಿದ್ದ ಹೆಂಡತಿಗೆ ಹೊಳೆದಿತ್ತು. ಚಹಾ ಹಿಡಿದು ಹೊರಗೆ ಬಂದವರೇ, "ಪಾಲಸಿ ಮಾಡ್ರಿ ಅಣ್ಣಾರ" ಅಂದರು. ಆಮೇಲೆ ತಲೆಯೆತ್ತಿ ತಗಡನ್ನೊಮ್ಮೆ ನೋಡಿ, ಗಂಡನ ಕಡೆ ಹೊರಳಿದರು.

"ನನ್ನ ಶೆಡ್ಡಿನ ಮ್ಯಾಲ ಕಲ್ಲ ಇಡಾಕ ಯಾರನ್ನ ಕೇಳೀರಿ?"

ನಾ ಯಾರು?

ಅಕ್ಕ ಎರಡು ಪಾಲಿಸಿ ಮಾಡಿಸಿದರು. ಒಂದು ಮಗ್ಗದ ಕೆಲಸಗಾರರಿಗೆ ಪೆಟ್ಟಾದರೆ, ಇನ್ನೊಂದು ಹೊರಗಿನವರಿಗೆ ಪೆಟ್ಟಾದರೆ. ಮಾಲಕರೂ ದಿನಾ ಮಗ್ಗ ಓಡಿಸುತ್ತಾರಲ್ಲ, ಅವರನ್ನೂ ಸಂಬಳಕ್ಕೆ ಇಟ್ಟುಕೊಂಡು ಕೆಲಸಗಾರರ ಜೊತೆ ಸೇರಿಸೋಣ ಅಂದೆ. ಅವರು ಸಿಟ್ಟಿಗೆದ್ದರು.

"ನನ್ನ ಮಗ್ಗದಾಗ ನಾ ಕೂಲಿಯಾಂವ ಆಗಬೇಕೇನ್ರಿ? ಓಣ್ಯಾಗ ಮಾರಿ ಹೆಂಗ ತೋರಸ್ಲಿ?"

ಆತು, ಬಿಟ್ಟೆವು. ಮುಂದೆ ಸ್ವಲ್ಪ ದಿನಕ್ಕೇ ಅವರು ಮಗ್ಗದಿಂದ ಚೆಲ್ಲಿದ ಎಣ್ಣೆಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾನು ಓಡಿ ಹೋದೆ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಮನೆಯಲ್ಲಿ ಮಲಗಿದ್ದರು. ಅಕ್ಕ ಪಕ್ಕದಲ್ಲಿ ಕುಂತು ಗಂಜಿ ಆರಿಸುತ್ತಿದ್ದರು.

"ಕೆಲಸಗಾರರ ಪಾಲಸಿಯೊಳಗ ಬರ್ತೈತೇನ್ರಿ?" ಅಂದರು ಮಾಲಕರು.

"ನೀವ ಬ್ಯಾಡ ಅಂದ್ರೆಲ್ರಿ."

"ಮಾಲಕ ಅಂತರೆ ಬರ್ತೈತೇನ್ರಿ?"

"ಮಾಲಕ್ರು ಅಕ್ಕಾರು."

"ಹಂಗಾರ ನಾ ಯಾರ್ರೀ?"

ಅವರೇ ಜಂತಿ ನೋಡುತ್ತ ಒಂದು ದಾರಿ ಹುಡುಕಿ, "ಹೊರಗಿನವರದೊಂದು ಐತೆಲ್ಲ, ಅದರಾಗ ಹಾಕ್ರಿ. ನಾ ಹೊರಗಿನಾಂವ" ಅಂದರು.

"ಇದ ಮನ್ಯಾಗ ಉಂಡು ಇದ ಮನ್ಯಾಗ ಮಲಗಾವ್ರು ಹೊರಗಿನವರು ಹೆಂಗ ಆಗ್ತೀರ್ರಿ? ಕಂಪನಿಯವರು ಒಪ್ಪಂಗಿಲ್ಲ."

ಅಕ್ಕ ಗಂಜಿಯಿಂದ ಕಣ್ಣು ಎತ್ತದೆ, "ಅದೇನ ದೊಡ್ಡದ ಬಿಡ್ರಿ. ಇವತ್ತಿಂದ ಹೊರಗ ಕಟ್ಟಿ ಮ್ಯಾಲ ಮಕ್ಕೊಳ್ಳಲಿ" ಅಂದರು.

ನಾನು ನಕ್ಕೆ. ಮಾಲಕರು ನಗಲಿಲ್ಲ. ಬಾಗಿಲಾಚೆಗಿನ ಕಟ್ಟೆಯನ್ನು ಗಂಭೀರವಾಗಿ ನೋಡಿ, ನನ್ನ ಕಡೆ ಹೊರಳಿ ಕೇಳಿದರು:

"ಎಷ್ಟ ದಿನಾ ಮಕ್ಕೋಬೇಕ್ರಿ?"