ಚಿಕ್ಕಪ್ಪ ಹಾಕಿದ ಟವೆಲು

ನನ್ನ ಚಿಕ್ಕಪ್ಪನಿಗೆ ದೇವರ ಮೇಲೆ ನಂಬಿಕೆ ಸಾಲದು ಎಂದರೆ ಅರಸೀಕೆರೆಯ ಚರ್ಚಿನವರು ಯಾರೂ ಒಪ್ಪುತ್ತಿರಲಿಲ್ಲ. ದಿನಾ ಜಪಮಾಲೆ ಹಿಡಿಯುವ ಮನುಷ್ಯ. ಆದರೂ ನಾನು ಹೇಳುವುದು ನಿಜ. ದೇವರು ತಾನಿದ್ದೇನೆ ಎಂಬುದನ್ನು ತಾನೇ ತೋರಿಸಿಕೊಂಡಾನು ಎಂಬ ನಂಬಿಕೆ ಅವರಿಗೆ ಒಂದಿಷ್ಟೂ ಇರಲಿಲ್ಲ. ಪಾಪ, ಆ ಜವಾಬ್ದಾರಿಯನ್ನು ತಾವೇ ಹೊತ್ತುಕೊಂಡಿದ್ದರು!

ಅವರು ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತರು. ವರ್ಗವಾಗಿ ಹೋದ ಪಾದ್ರಿಯೊಬ್ಬರು ಬಿಟ್ಟುಹೋದ ತತ್ತ್ವಶಾಸ್ತ್ರದ ದಪ್ಪ ಪುಸ್ತಕ ಕೈಗೆ ಸಿಕ್ಕಿದ್ದೇ ತಡ, ಟಿಕೆಟ್ ಕಿಟಕಿ ಉಪದೇಶದ ಪೀಠವಾಯಿತು.

"ನೋಡಪ್ಪಾ, ಈ ಬೋಗೀನ ಮುಂದಿನ ಬೋಗಿ ಎಳೆಯುತ್ತೆ. ಅದನ್ನ ಅದರ ಮುಂದಿಂದು. ಹೀಗೇ ಹೋದ್ರೆ, ಯಾರ ಕೈಲೂ ಎಳೆಸಿಕೊಳ್ಳದೆ ಎಲ್ಲಾನೂ ಎಳೆಯೋ ಇಂಜಿನ್ ಒಂದು ತುದೀಲಿ ಇರಬೇಕೋ ಬೇಡವೋ?"

ಸಾಲಿನಲ್ಲಿ ನಿಂತಿದ್ದ ಗಂಡಸಿ ಊರಿನ ಗೌಡರೊಬ್ಬರು ತಾಳ್ಮೆಯಿಂದ ಎಲ್ಲವನ್ನೂ ಕೇಳಿ, "ದೇವ್ರು ಅವ್ನೆ ಸ್ವಾಮಿ, ನಾನೇನು ಇಲ್ಲ ಅಂದ್ನಾ? ಬೀರೂರು ರೈಲು ಐತಾ, ಹೋಯ್ತಾ, ಅದೇಳಿ" ಎಂದರು.

ಹೋಗಿತ್ತು.

ಇಂಥವರ ಕೈಗೆ ನಾನು ಸಿಕ್ಕಿಕೊಂಡೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದೆ. ಪಾಸಾದ ಪೊಗರು ಇನ್ನೂ ಇಳಿದಿರಲಿಲ್ಲ. "ದೇವರಿದ್ದಾನೆ ಅನ್ನೋಕೆ ಆಧಾರ ಏನು?" ಎಂದು ಚರ್ಚಿಗೆ ಹೋಗುವುದನ್ನೇ ಬಿಟ್ಟೆ. ಭಾನುವಾರ ಬಂತೆಂದರೆ ಅಮ್ಮ ಅಳುತ್ತಿದ್ದರು. ಚಿಕ್ಕಪ್ಪ ಮಾತ್ರ ಹಬ್ಬದೂಟಕ್ಕೆ ಕರೆ ಬಂದವರ ಹಾಗೆ ಹಿಗ್ಗಿ ಮನೆಗೆ ಬಂದರು.

"ಅಳಬೇಡಿ ಅತ್ತಿಗೆ. ಇವನನ್ನ ತರ್ಕದಿಂದಲೇ ಎಳ್ಕೊಂಡು ಬರ್ತೀನಿ. ಏನೋ, ವಾದದಲ್ಲಿ ಸೋತರೆ ಚರ್ಚಿನ ಪೂಜೆಗೆ ಬರ್ತೀಯಾ?"

"ಬರ್ತೀನಿ. ನೀವು ಸೋತರೆ?"

"ಮತ್ತೆ ಕರೆಯೋದಿಲ್ಲ."

ಹಾಸನದಿಂದ ಬಂದು ಪೂಜೆ ಮಾಡುತ್ತಿದ್ದ ಫಾದರ್ ಇದನ್ನು ಕೇಳಿ ತಲೆ ಚಚ್ಚಿಕೊಂಡರು. "ತರ್ಕ ಬಾಗಿಲ ತನಕ ಕರ್ಕೊಂಡು ಬರುತ್ತೆ, ಅಷ್ಟೇ ಕಣ್ರೀ. ಒಳಗೆ ಕರೆಯೋನು ದೇವರು."

"ಇವನಿಗೆ ಬೀದೀನೇ ಗೊತ್ತಿಲ್ಲ ಫಾದರ್" ಎಂದರು ಚಿಕ್ಕಪ್ಪ.

ಮುಖ್ಯ ಸಾಕ್ಷಿ ಬೇಲೂರಿನಲ್ಲಿದೆ ಎಂದು ತೀರ್ಮಾನವಾಯಿತು. ಬಸ್ಸು ಬಂದು ನಿಲ್ಲುವ ಮೊದಲೇ ಚಿಕ್ಕಪ್ಪ ಕಿಟಕಿಯಿಂದ ಟವೆಲು ತೂರಿಸಿ ಸೀಟು ಹಿಡಿದರು. ನೂಕಿಕೊಂಡು ಹತ್ತಿ ನೋಡಿದರೆ, ಬೇಲೂರು ಕಡೆಯ ಹೆಂಗಸೊಬ್ಬಳು ಟವೆಲನ್ನು ಪಕ್ಕಕ್ಕೆ ಸರಿಸಿ ಕೂತಿದ್ದಳು.

"ಯಾರೂ ಇರ್ನಿಲ್ಲ ಕಣಣ್ಣ."

"ಟವೆಲು ಇತ್ತಲ್ಲಮ್ಮ? ಟವೆಲು ಇದ್ದ ಮೇಲೆ ಹಾಕಿದವನೊಬ್ಬ ಇರಲೇಬೇಕು. ಕಣ್ಣಿಗೆ ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ." ನನ್ನ ಕಡೆ ತಿರುಗಿ, "ಕೇಳಿಸ್ತೇನೋ?"

"ಟವೆಲು ಹಾಕಿ, ಬಸ್ಸೇ ಹತ್ತದೆ ಹೋದವರೂ ಇರ್ತಾರೆ ಚಿಕ್ಕಪ್ಪ" ಎಂದೆ.

"ಹಂಗೇಳು ಮಗ" ಎಂದು ಹೆಂಗಸು ಇನ್ನಷ್ಟು ಭದ್ರವಾಗಿ ಕೂತಳು. ಚಿಕ್ಕಪ್ಪ ಬೇಲೂರಿನವರೆಗೂ ನಿಂತೇ ಬಂದರು.

ಬೇಲೂರಿನಲ್ಲಿ ಮದನಿಕೆಯೊಬ್ಬಳ ಕಡೆ ಕೈ ತೋರಿಸಿ, "ಶಿಲ್ಪಿ ಇಲ್ಲದೆ ಈ ಕಲ್ಲು ಹೀಗಾಯ್ತೇ? ಹಾಗಾದರೆ ಇಷ್ಟು ದೊಡ್ಡ ಲೋಕ?" ಎಂದು ಅವರು ದನಿ ಏರಿಸಿದರು. ಹತ್ತಿರವೇ ನಿಂತಿದ್ದ ಅರ್ಚಕರು ತಲೆದೂಗಿದರು.

"ನ್ಯಾಯವಾದ ಮಾತು. ಆದರೆ ಶಿಲ್ಪಿಗಳು ಅನ್ನಿ ಸ್ವಾಮಿ. ವಿಗ್ರಹಗಳ ಕೆಳಗೆ ಒಬ್ಬೊಬ್ಬರೂ ಹೆಸರು ಕೆತ್ತಿಕೊಂಡಿದ್ದಾರೆ. ಈ ಲೆಕ್ಕದಲ್ಲಿ ನಿಮಗೆ ದೇವರುಗಳು ಬಹಳ ಜನ ಆಗ್ತಾರೆ. ನಮ್ಮದೇನೂ ಅಡ್ಡಿಯಿಲ್ಲ."

ವಾಪಸು ಬರುವಾಗ ಹಳೇಬೀಡಿನಲ್ಲಿ ಇಳಿದೆವು. ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ನಾನು ಗೋಪುರವಿಲ್ಲದ ಗುಡಿಯನ್ನು ತೋರಿಸಿದೆ. "ಇಲ್ಲಿ ಕೆಲಸ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದಾರಲ್ಲ. ನಿಮ್ಮ ಲೋಕದ ಶಿಲ್ಪಿನೂ ಹಾಗೇ ಹೋಗಿದ್ದರೆ?"

ಅವರು ಮೆಟ್ಟಿಲ ಮೇಲೆ ಕೂತರು. ಟವೆಲಿನಿಂದ ಮುಖ ಒರೆಸಿಕೊಂಡು, "ಸೋತೆ ಕಣೋ" ಎಂದರು.

ಎದ್ದುಹೋದ ಶಿಲ್ಪಿಯ ಮಾತನ್ನು ಆಡಿದ ನಾನೇ ನಂಬಿರಲಿಲ್ಲ. ಗೆಲ್ಲುವ ರುಚಿ ಹತ್ತಿತ್ತು, ಅಷ್ಟೇ. ಎಷ್ಟೋ ಕಾಲದ ಮೇಲೆ ಪಾಪನಿವೇದನೆಯಲ್ಲಿ ಇದನ್ನು ಹೇಳಿದಾಗ ಪಾದ್ರಿಗಳು ನಕ್ಕು ಕ್ಷಮಿಸಿದರು. ನನಗೆ ಇವತ್ತಿಗೂ ನಗು ಬಂದಿಲ್ಲ.

ಚಿಕ್ಕಪ್ಪ ಮಾತು ಉಳಿಸಿಕೊಂಡರು. ಪ್ರತಿ ಭಾನುವಾರ ನಮ್ಮ ಮನೆ ಮುಂದೆ ಸೈಕಲ್ಲು ನಿಲ್ಲಿಸುವರು, ಕಳಚಿಯೇ ಇಲ್ಲದ ಚೈನನ್ನು ಮುಟ್ಟಿ ಮುಟ್ಟಿ ಸರಿಮಾಡುವರು, ಒಮ್ಮೆಯೂ ಕರೆಯದೆ ಹೊರಟುಹೋಗುವರು. ನಾನು ಕಿಟಕಿಯ ಹಿಂದೆ ನಿಂತು ನಗುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ಭಾನುವಾರ ಸೈಕಲ್ಲು ಬರಲಿಲ್ಲ. ಪೂಜೆಯ ಗಂಟೆ ಹೊಡೆದರೂ ಬರಲಿಲ್ಲ. ಯಾಕೋ ನಿಲ್ಲಲಾಗದೆ, ಮುಂಚೆಯೇ ಹೋಗಿಬಿಟ್ಟರೇನೋ ಎಂದು ನೋಡಲು ಚರ್ಚಿಗೇ ಹೋದೆ. ಗಂಡಸರು ಕೂರುವ ಚಾಪೆಯ ಮೇಲೆ ಅವರು ಕಾಣಲಿಲ್ಲ. ಗೋಡೆ ಪಕ್ಕ ಅವರ ಟವೆಲು ಮಾತ್ರ ಹಾಸಿತ್ತು. ಅದರ ಮೇಲೆ ಕೂರಹೋದೆ. ಚರ್ಚು ಗುಡಿಸುವ ಅಜ್ಜಿ ಓಡಿ ಬಂದಳು. ಹೊಸಬಳು, ನನ್ನ ಗುರುತಿಲ್ಲ.

"ಅಲ್ಲಿ ಕೂರ್ಬ್ಯಾಡಿ ಸ್ವಾಮಿ. ಅದು ಹಿಡಿದಿರೋ ಜಾಗ."

"ಯಾರಿಗೆ?"

"ಟಿಕೆಟ್ ಗುಮಾಸ್ತರ ಅಣ್ಣನ ಮಗನಿಗೆ. ತಮ್ಮ ಪಕ್ಕದಲ್ಲಿ ವಾರ ವಾರ ಹಾಕ್ತಾರೆ. ಇವತ್ತು ಜ್ವರ ಬಂದು ಮಲಗವ್ರೆ. ಆದ್ರೂ ನನ್ ಕೈಲಿ ಟವೆಲು ಕೊಟ್ಟು ಕಳ್ಸವ್ರೆ, ಹಾಕ್ಬಿಡು ಅಂತ."

"ಆ ಹುಡುಗನನ್ನ ನೀವು ನೋಡಿದ್ದೀರಾ?"

"ನಾನಂತೂ ಕಂಡಿಲ್ಲಪ್ಪ. ಅವ್ನೆ ಅಂತೆ. ಬತ್ತಾನಂತೆ."

ನಾನು ಟವೆಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಅಲ್ಲೇ ಮಂಡಿಯೂರಿದೆ. ಪೂಜೆ ಮುಗಿಯುವವರೆಗೂ ಅಜ್ಜಿ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಲೇ ಇದ್ದಳು.