ಚಿಕ್ಕಪ್ಪನ ಬೋರ್ಡು ಹತ್ತು ದಾಟುವುದಿಲ್ಲ

ನಮ್ಮ ಚಿಕ್ಕಪ್ಪನಷ್ಟು ಸತ್ಯವಂತರು ಭದ್ರಾವತಿಯಲ್ಲಿ ಇನ್ನೊಬ್ಬರಿಲ್ಲ, ಅಂಕಿಗಳ ವಿಷಯವೊಂದನ್ನು ಬಿಟ್ಟರೆ! ವಯಸ್ಸು ಕೇಳಿದರೆ ನಿಜ ಹೇಳುತ್ತಾರೆ. ಚಿಕ್ಕಮ್ಮನ ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೆ ಅದನ್ನೂ ಹೇಳುತ್ತಾರೆ. (ಇದಕ್ಕೆ ಎಷ್ಟು ಧೈರ್ಯ ಬೇಕೆಂಬುದು ಚಿಕ್ಕಮ್ಮನನ್ನು ಬಲ್ಲವರಿಗೆ ಗೊತ್ತು.) ಆದರೆ ಕುಡಿದು ಗಾಡಿ ಓಡಿಸುವವರ ಮಾತು ಬಂತೋ, ಅವರ ಬಾಯಿಂದ ಬರುವ ಯಾವ ಸಂಖ್ಯೆಯನ್ನೂ ನಂಬುವ ಹಾಗಿಲ್ಲ.

ಚಿಕ್ಕಪ್ಪ ಕಬ್ಬಿಣ ಎರಕ ಹೊಯ್ಯುವ ಒಂದು ಸಣ್ಣ ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಗೇಟಿನ ಬಳಿ ‘ಅಪಘಾತವಿಲ್ಲದ ದಿನಗಳು’ ಎಂಬ ಬೋರ್ಡಿತ್ತು. ದಿನಾ ಬೆಳಿಗ್ಗೆ ಹಳೆಯ ಸಂಖ್ಯೆ ಒರೆಸಿ ಹೊಸದು ಬರೆಯುವುದು ಅವರ ಪಾಲಿನ ಕೆಲಸ. ನಿವೃತ್ತಿಯಾದರೂ ಕೈ ಸುಮ್ಮನಿರಬೇಕಲ್ಲ? ಜನ್ನಾಪುರ ಬಡಾವಣೆಯ ನಮ್ಮ ರಸ್ತೆಯ ತಿರುವಿನಲ್ಲಿ, ತಮ್ಮ ಕಾಂಪೌಂಡಿಗೆ ಅಂಥದೇ ಒಂದು ಬೋರ್ಡು ಹೊಡೆಸಿದರು: ‘ಈ ರಸ್ತೆಯಲ್ಲಿ ಕುಡಿತದಿಂದ ಅಪಘಾತವಾಗಿ ಇಂದಿಗೆ ಇಷ್ಟು ದಿನ.’ ಪಕ್ಕದಲ್ಲಿ ಸೀಮೆಸುಣ್ಣದ ದಪ್ಪ ಅಂಕಿ.

ಬೋರ್ಡು ಯಾರಿಗಾಗಿ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ನನ್ನ ಅಣ್ಣ ಶಿವಮೊಗ್ಗದ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಬೈಕಿನಲ್ಲೇ ಓಡಾಟ. ಶನಿವಾರ ಬಂದರೆ ಗೆಳೆಯರ ಜೊತೆ ಎರಡು ಪೆಗ್ ಹಾಕಿ ಅದೇ ಬೈಕಿನಲ್ಲಿ ಮನೆಗೆ ಬರುತ್ತಾನೆ. ಅಪ್ಪ ಬೈದು ಸೋತರು, ಅಮ್ಮ ಅತ್ತು ಸೋತರು. ಚಿಕ್ಕಪ್ಪ ಮಾತ್ರ ಅಂಕಿ ಹಿಡಿದು ಕಣಕ್ಕಿಳಿದರು.

ನನಗೆ ದಿನಚರಿ ಬರೆಯುವ ಚಟ. ಬಸ್ಸು ಎಷ್ಟು ಹೊತ್ತಿಗೆ ಬಂತು, ಯಾರ ಮನೆಯಲ್ಲಿ ಏನು ತಿಂಡಿ, ಎಲ್ಲವನ್ನೂ ತಾರೀಖು ಹಾಕಿ ಬರೆಯುವವಳು. ಬೋರ್ಡಿನ ಅಂಕಿಯನ್ನೂ ಬರೆದುಕೊಳ್ಳತೊಡಗಿದೆ. ಆಗ ತಿಳಿಯಿತು, ಅದು ಯಾವತ್ತೂ ಹತ್ತು ದಾಟುವುದಿಲ್ಲ! ಹತ್ತಕ್ಕೆ ಬಂತೆಂದರೆ ಮರುದಿನ ಸೊನ್ನೆ. ನಮ್ಮ ಬೀದಿಯಲ್ಲಿ ಅಷ್ಟೊಂದು ಜನ ಬೀಳುತ್ತಿದ್ದರೆ ಸದ್ದಾದರೂ ಕೇಳಬೇಡವೇ?

ಒಂದೊಂದು ಸೊನ್ನೆಯ ಬೆನ್ನೂ ಹತ್ತಿ ವಿಚಾರಿಸಿ ಬರೆದಿಟ್ಟೆ. ಒಂದು ಸಲ ಹಾಲು ಹಾಕಲು ಹೊರಟಿದ್ದ ಹುಡುಗನ ಬೈಕಿಗೆ ಹೋತವೊಂದು ಅಡ್ಡ ಬಂದಿತ್ತಂತೆ. ಹುಡುಗ ಕುಡಿದವನಲ್ಲ. ಹೋತವಂತೂ ಅಲ್ಲ.

“ಮತ್ತೆ ಕುಡಿದಿದ್ದು ಯಾರು ಚಿಕ್ಕಪ್ಪ?”

“ಹೋತದ ಯಜಮಾನ.”

“ಅವ್ನು ಎಲ್ಲಿದ್ದ?”

“ಮನೇಲಿ ಮಲಗಿದ್ದ. ಕುಡೀದೆ ಇದ್ದಿದ್ರೆ ಹೋತ ಕಟ್ಟಿ ಹಾಕ್ತಿದ್ದ ತಾನೆ?”

ಅದೇ ತಿಂಗಳು ಯುವಕರ ಸಂಘದವರು ರಸ್ತೆ ಸುರಕ್ಷತೆಯ ಸಭೆಗೆ ಅವರನ್ನು ಕರೆದರು. ನಮ್ಮ ಬೀದಿಯಲ್ಲಿ ಕುಡಿತದ ಅಪಘಾತ ಒಂದೇ ತಿಂಗಳಲ್ಲಿ ನೂರಕ್ಕೆ ನೂರು ಹೆಚ್ಚಿದೆ ಎಂದು ಚಿಕ್ಕಪ್ಪ ಗಂಭೀರವಾಗಿ ಘೋಷಿಸಿದರು. ಸಭೆ ಬೆಚ್ಚಿಬಿತ್ತು. ಕೆಲವರು ಬೇರೆ ದಾರಿಯಲ್ಲಿ ಮನೆಗೆ ಹೋದರಂತೆ. ಹಿಂದಿನ ತಿಂಗಳು ಮೂರು ಸೊನ್ನೆ, ಈ ತಿಂಗಳು ಆರು ಎಂಬುದು ಆ ಘೋಷಣೆಯ ಒಳಗುಟ್ಟು. ಆರನೆಯದು ಅದೇ ಹೋತ!

ಇಷ್ಟಕ್ಕೇ ನಿಂತಿದ್ದರೆ ಬೀದಿಯವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಎದುರು ಮನೆಯ ಹುಡುಗಿಯನ್ನು ನೋಡಲು ಶಿವಮೊಗ್ಗದ ವಿನೋಬನಗರದಿಂದ ಗಂಡಿನ ಕಡೆಯವರು ಬಂದ ದಿನ ಬೋರ್ಡಿನಲ್ಲಿ ‘ಎರಡು ದಿನ’ ಎಂದಿತ್ತು. ಗಂಡಿನ ತಂದೆ ಉಪ್ಪಿಟ್ಟು ಮುಟ್ಟದೆ ಎದ್ದರು. ಗಂಡಿನ ಸೋದರಮಾವ ಮಾತ್ರ ಬಹಳ ಖುಷಿಯಲ್ಲಿ, ಬ್ರಾಂದಿ ಅಂಗಡಿ ಯಾವ ಕಡೆ ಎಂದು ಮೆಲ್ಲಗೆ ಕೇಳಿದರಂತೆ.

ಬೀದಿಯವರೆಲ್ಲ ನಮ್ಮ ಅಂಗಳದಲ್ಲಿ ಸೇರಿದರು. ನನ್ನ ದಿನಚರಿಗೆ ಎಂದೂ ಇಲ್ಲದ ಮರ್ಯಾದೆ! ಯಾವ ಸೊನ್ನೆಗೆ ಏನು ಕಾರಣ ಎಂದು ಒಂದೊಂದೇ ಓದಿದೆ. ಸೈಕಲ್ ಕಲಿಯುತ್ತಿದ್ದ ಹುಡುಗಿ, ಚರಂಡಿಗೆ ಜಾರಿದ ಗ್ಯಾಸ್ ಸಿಲಿಂಡರ್, ಹೋತ. ನಿಜವಾಗಿ ಕುಡಿದು ಬಿದ್ದವರು ಇಬ್ಬರೇ. ಜನ ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣ.

“ಫೌಂಡ್ರೀಲಿ ನೋಡಿದೀನಮ್ಮ,” ಎಂದರು ಚಿಕ್ಕಪ್ಪ ನನಗೆ. “ಅಂಕಿ ನೂರು ದಾಟ್ತು ಅಂದ್ರೆ ಜನ ಗ್ಲೌಸ್ ಬಿಚ್ಚಿಟ್ಟು ಬೀಡಿ ಹಚ್ತಾರೆ. ಅಂಕಿ ಸಣ್ಣದಿದ್ರೇನೇ ಭಯ.” ಮರುದಿನ ತಾವೇ ಬೋರ್ಡು ಇಳಿಸಿದರು.

ಮೊನ್ನೆ ಒಂದು ಭಾನುವಾರ ವಿನೋಬನಗರದಲ್ಲಿ ನೆಂಟರ ಬೀಗರ ಊಟ. ಅಣ್ಣ ಬೈಕಿನಲ್ಲಿ, ನಾನೂ ಚಿಕ್ಕಪ್ಪನೂ ಬಸ್ಸಿನಲ್ಲಿ ಹೋಗಿದ್ದೆವು. ಮುದ್ದೆ, ಮಟನ್ ಸಾರು, ಶಾಮಿಯಾನದ ಹಿಂದೆ ಗಂಡಸರ ಗುಟ್ಟಿನ ಗುಂಪು. ಮಧ್ಯಾಹ್ನ ಅಣ್ಣ ಕೆಂಪು ಕಣ್ಣಿನಲ್ಲಿ ಬಂದು ಬೈಕ್ ಹತ್ತಿ ಕೀಲಿ ಹಾಕಿದ. ಚಿಕ್ಕಪ್ಪ “ನೂರಕ್ಕೆ…” ಎಂದು ಬಾಯಿ ತೆರೆದರು.

“ಬಿಡಿ ಚಿಕ್ಕಪ್ಪ. ನಿಮ್ದೆಲ್ಲ ಹೋತದ ಲೆಕ್ಕ ಅಂತ ಇವಳೇ ಓದಿ ಹೇಳಿದಾಳಲ್ಲ.”

ನಾನು ಸುಳ್ಳೆಂದದ್ದು ಹೋತವನ್ನು, ಕುಡಿದು ಓಡಿಸಬಹುದು ಎಂದಿರಲಿಲ್ಲ. ಹಾಗೆಂದು ಹೇಳಿದೆ ಕೂಡ. ಕೇಳುವವರು ಯಾರು? ಒಂದು ಸುಳ್ಳು ಅಂಕಿ ಸಿಕ್ಕಿಬಿದ್ದಿತ್ತು. ಅದರ ಜೊತೆಗಿದ್ದ ನಿಜವನ್ನೂ ಅಣ್ಣ ಸಲೀಸಾಗಿ ಆಚೆ ತಳ್ಳಿದ್ದ.

ಚಿಕ್ಕಪ್ಪ ನೋಯುವ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಆ ಕಡೆ ಹಾಕಿ, ಬೈಕಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು.

“ನಡಿ. ನಾನೂ ಬರ್ತೀನಿ.”

“ನೀವು ಬಸ್ಸಲ್ಲಿ ಬನ್ನಿ ಚಿಕ್ಕಪ್ಪ.”

“ಯಾಕೆ? ನೀನು ಹೋಗ್ತಿಲ್ವಾ?”

ಚಿಕ್ಕಪ್ಪ ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ ತೆಗೆದರು, ಆಚೀಚೆ ನೋಡಿದರು.

“ಒಂದೇ ಇರೋದು. ನೀನೇ ಹಾಕ್ಕೊ.”

ಹಿಂದಿನಿಂದಲೇ ಅದನ್ನು ಅಣ್ಣನ ತಲೆಗೆ ಇಳಿಸಿ, ಗಲ್ಲದ ಕೆಳಗೆ ಬೆರಳಾಡಿಸಿ ಪಟ್ಟಿ ಬಿಗಿದರು. ಗಟ್ಟಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದರು. ಆಮೇಲೆ ಅವನ ಸೊಂಟ ಹಿಡಿದು ಕಣ್ಣು ಮುಚ್ಚಿಕೊಂಡರು.

ಅಣ್ಣ ಕನ್ನಡಿಯಲ್ಲಿ ಆ ಮುಖವನ್ನು ನೋಡುತ್ತ ಕೂತ. ಸ್ಟಾರ್ಟ್ ಒತ್ತಲಿಲ್ಲ. ಕೊನೆಗೆ ಕೀಲಿ ಕಿತ್ತು ನನ್ನ ಕೈಗೆ ಹಾಕಿದ. ಚಿಕ್ಕಪ್ಪನನ್ನು ಬೈಕಿನಿಂದ ಇಳಿಸಲು ನಾವಿಬ್ಬರೂ ಬೇಕಾಯಿತು.

ಬಸ್ಸಿನಲ್ಲಿ ಚಿಕ್ಕಪ್ಪ ಅಣ್ಣನಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು. ದಾರಿಯುದ್ದಕ್ಕೂ ಒಂದು ಅಂಕಿಯನ್ನೂ ಹೇಳಲಿಲ್ಲ. ಅಣ್ಣ ನಿದ್ದೆಹೋಗಿ ಅವರ ಭುಜಕ್ಕೆ ಒರಗಿದ. ಭದ್ರಾವತಿ ಬಂದಾಗ ಚಿಕ್ಕಪ್ಪ ಅವನ ಕೆನ್ನೆ ತಟ್ಟಿ, “ಏಳು ಮಾರಾಯ, ಊರು ಬಂತು” ಎಂದರು.