ನಮ್ಮ ಕಡೆ ಏನೂ ಫಾಲ್ಟಿಲ್ರೀ

ಭೂಮಿ ಯಾಕೆ ಅಲುಗುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಭೂಮಿಯಿಂದ ನನಗೆ ಯಾವತ್ತೂ ತೊಂದರೆಯಾಗಿಲ್ಲ. ಸಿಟ್ಟು ಬರಿಸುವವರೆಲ್ಲ ಅದರ ಮೇಲೆ ಓಡಾಡುವವರು. ಸಂಡೂರಿನ ಗುಡ್ಡಗಳನ್ನು ಅಗೆದು ಅಗೆದು ಲಾರಿಗೆ ತುಂಬುತ್ತಿದ್ದ ಆ ವರ್ಷಗಳಲ್ಲಂತೂ ಸಿಟ್ಟಿಲ್ಲದೆ ನಾನು ಊಟಕ್ಕೆ ಕೂತದ್ದೇ ಕಡಿಮೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ನಗುತ್ತ ನಗುತ್ತಲೇ ಮತ್ತೆ ಸಿಟ್ಟು ಬರುತ್ತದೆ.

೧. ಹೆಣ್ಣು ನೋಡಲು ಬಂದವರು

ಕೆಲಸಕ್ಕಾಗಿ ಹೊಸಪೇಟೆಯಲ್ಲಿ ರೂಮು ಮಾಡಿಕೊಂಡಿದ್ದರೂ ನಮ್ಮ ಮನೆ ಇರುವುದು ಕಂಪ್ಲಿಯಲ್ಲಿ. ದೊಡ್ಡಪ್ಪನಿಗೆ ಅಲ್ಲಿ ಅಕ್ಕಿ ಗಿರಣಿ. ಒಮ್ಮೆ ನನ್ನನ್ನು ನೋಡಲು ಗಂಡಿನವರು ಬರುವುದಿತ್ತು. ಕೇಳಿದರೆ ಹೇಳಲಿ ಅಂತ ದೊಡ್ಡಪ್ಪನಿಗೆ ನನ್ನ ಕೆಲಸವನ್ನು ಮೊದಲೇ ಬಿಡಿಸಿ ಹೇಳಿದ್ದೆ.

"ನೆಲದೊಳಗ ಬಂಡೆ ಸೀಳಿ ಎರಡು ಹೋಳಾಗಿರ್ತಾವ ದೊಡ್ಡಪ್ಪ. ಒಂದಕ್ಕೊಂದು ಒತ್ತಿ ಹಿಡಕೊಂಡು ನಿಂತಿರ್ತಾವ. ನಡುವೆ ಡ್ಯಾಮಿನ ನೀರೋ ಗಣಿ ಗುಂಡಿ ನೀರೋ ಇಳಿದ್ರ, ಇಲ್ಲಾ ಮ್ಯಾಲಿನ ಗುಡ್ಡಾನ ತಗದ್ರ, ಹಿಡಿತ ತಪ್ಪಿ ಜಾರ್ತಾವ. ಎಲ್ಲಿ ಜಾರ್ತಾವ, ಎಷ್ಟು ಜಾರ್ತಾವ ಅಂತ ಕಂಪ್ಯೂಟರ್‌ನಾಗ ಲೆಕ್ಕ ಹಾಕಿ ನೋಡ್ತೀನಿ."

ದೊಡ್ಡಪ್ಪ ಎಲ್ಲಾ ತಿಳಿದವರಂತೆ ತಲೆ ಆಡಿಸಿದ್ದರು. ನೋಡಲು ಬಂದ ದಿನ ಗಂಡಿನ ತಾಯಿ ಕೇಳಿಯೇ ಬಿಟ್ಟರು: "ಹುಡುಗಿ ಏನ್ ಕೆಲಸ ಮಾಡ್ತಾಳ್ರೀ?"

"ಭೂಕಂಪ ಮಾಡ್ತಾಳ್ರೀ," ಅಂದರು ದೊಡ್ಡಪ್ಪ ಎದೆ ಉಬ್ಬಿಸಿ. "ಕಂಪ್ಯೂಟರ್‌ನಾಗ."

ಆಕೆಯ ಕೈಯಲ್ಲಿದ್ದ ಚಹಾದ ಕಪ್ಪು ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಮದುವಿ ಆದ ಮ್ಯಾಲೆ ಬಿಡ್ತಾಳಲ್ರೀ?"

ಓದಿದ್ದೆಲ್ಲ ಬಿಡುವುದಕ್ಕೇ ಅಂತ ಇವರು ತಿಳಿದಂತಿತ್ತು. ನನಗೆ ಮೈಯೆಲ್ಲ ಉರಿಯಿತು. "ಬಿಡಂಗಿಲ್ರೀ," ಅಂದೆ.

ಆಕೆ ಕಪ್ಪನ್ನು ಕೆಳಗಿಟ್ಟು, "ಹೋಗ್ಲಿ ಬಿಡು," ಅಂದರು. "ಮನ್ಯಾಗ ಮಾಡಂಗಿಲ್ಲ ತಾನೆ?"

೨. ಘರ್ಷಣೆ

ಸಂಡೂರಿನ ಒಂದು ಗಣಿ ಕಂಪನಿ ತನ್ನ ಗುಂಡಿಯನ್ನು ಇನ್ನೂ ಆಳಕ್ಕೆ ಇಳಿಸಬೇಕೆಂದಿತ್ತು. ಅಪಾಯ ಇದೆಯೋ ಇಲ್ಲವೋ ನೋಡಿ ಹೇಳುವ ಕೆಲಸ ನಮ್ಮ ಸಂಸ್ಥೆಗೆ ಬಂತು, ಲೆಕ್ಕ ನನ್ನ ಪಾಲಿಗೆ ಬಂತು. ಗುಂಡಿಯ ಪಕ್ಕದಲ್ಲೇ ನೆಲದೊಳಗೆ ಹಳೆಯ ಸೀಳು, ನಾವು ಫಾಲ್ಟ್ ಅನ್ನುವುದು. ಗುಂಡಿ ಆಳವಾಗಿ ನೀರು ನಿಂತರೆ ಅದು ಜಾರುವ ಹಾಗೆ ಕಂಡಿತು. ಅದರ ನೆತ್ತಿಯ ಮೇಲೇ ಒಂದು ಹಳ್ಳಿ. ಇದ್ದದ್ದನ್ನು ಇದ್ದ ಹಾಗೇ ಬರೆದು ಕಳಿಸಿದೆ. ಗಣಿಯ ಮ್ಯಾನೇಜರ್ ಕರೆಸಿದರು.

"ನಮ್ಮ ಜಾಗದಾಗ ಫಾಲ್ಟ್ ಐತಿ ಅಂತ ಬರದೀರಲ್ಲ ಮೇಡಂ. ನಮ್ಮ ಕಡೆ ಏನೂ ಫಾಲ್ಟಿಲ್ರೀ. ಪರ್ಮಿಶನ್ ಎಲ್ಲಾ ಅದಾವ."

"ಇದು ಆ ಫಾಲ್ಟ್ ಅಲ್ರೀ ಸರ್. ಬಂಡೆಗಲ್ಲಿಂದು."

"ಹಂಗಾರ ತಪ್ಪು ಬಂಡೆಗಲ್ಲಿಂದು ಅಂತ ಬರೀರಿ. ಕಂಪನಿ ಹೆಸರು ಯಾಕ ತರ್ತೀರಿ?"

ಅವರು ವರದಿಯ ಹಾಳೆ ತಿರುವಿ ಒಂದು ಅಂಕಿಯ ಮೇಲೆ ಬೆರಳಿಟ್ಟರು. "ಇದೇನ್ರೀ, ಘರ್ಷಣೆ?"

"ಬಂಡೆಗಳು ಒಂದನ್ನೊಂದು ಎಷ್ಟು ಬಿಗಿ ಹಿಡಕೊಂಡಾವ ಅನ್ನೋದು."

"ಇದನ್ನ ಸ್ವಲ್ಪ ಜಾಸ್ತಿ ಹಾಕಿದ್ರ?"

"ಲೆಕ್ಕದಾಗ ಜಾರೋದಿಲ್ಲ."

"ಮಸ್ತ್ ಆತಲ್ಲ! ಜಲ್ದಿ ಹಾಕಿ ಕೊಡ್ರಿ."

"ಸರ್, ಲೆಕ್ಕದಾಗ ಜಾರೋದಿಲ್ಲ. ನೆಲದಾಗ ಜಾರೇ ಜಾರ್ತೈತಿ. ಆ ಅಂಕಿ ನಾ ಮನಸಿಗೆ ಬಂದಂಗ ಹಾಕಾಕ ಬರೋದಿಲ್ಲ. ಕಲ್ಲು ಹೆಂಗೈತೋ ಹಂಗ."

ನನ್ನ ದನಿ ಏರಿತ್ತು. ಅವರು ಮಾತ್ರ ಸಮಾಧಾನ ಮಾಡುವವರಂತೆ ನಕ್ಕರು. "ಕಲ್ಲಿನ ಚಿಂತಿ ನಿಮಗ್ಯಾಕ್ರೀ ಮೇಡಂ? ಕಲ್ಲು ನಮ್ಮದ. ಲೀಸ್ ಐತಿ."

೩. ಸಾಲಿ ಗ್ವಾಡಿ

ಆ ಹಳ್ಳಿಯ ಶಾಲೆಯಲ್ಲಿ ನೆಲದ ನಡುಕ ಹಿಡಿಯುವ ಒಂದು ಯಂತ್ರ ಇಟ್ಟಿದ್ದೆ. ಆ ದಿನಗಳಲ್ಲೇ ಶಾಲೆಯ ಗೋಡೆ ಮೇಲಿಂದ ಕೆಳಗಿನ ತನಕ ಸೀಳಿತು. ಹೆಡ್ ಮಾಸ್ತರು ನನ್ನನ್ನೂ ಕರೆದುಕೊಂಡು ಕಂಪನಿಯ ಆಫೀಸಿಗೆ ನಡೆದರು. ಜನರ ದೂರು ಕೇಳಲೆಂದೇ ಇಟ್ಟ ಒಬ್ಬ ಅಧಿಕಾರಿ ಅಲ್ಲಿದ್ದ.

"ನಿಮ್ಮ ಬ್ಲಾಸ್ಟಿಂಗ್‌ಗೆ ಸಾಲಿ ಗ್ವಾಡಿ ಸೀಳೇತ್ರೀ," ಅಂದರು ಮಾಸ್ತರು.

"ಬ್ಲಾಸ್ಟಿಂಗ್ ಅಲ್ರೀ, ಅದು ಭೂಕಂಪ. ನಿಸರ್ಗ. ನಾವೇನ್ ಮಾಡಾಕಾಗ್ತೈತಿ?"

ನಾನು ಯಂತ್ರ ಗೆರೆ ಎಳೆದ ಹಾಳೆಗಳನ್ನು ಅವನ ಮೇಜಿನ ಮೇಲೆ ಹರವಿದೆ. "ಖರೇನ, ಸಣ್ಣ ಸಣ್ಣ ಭೂಕಂಪ ಆಗ್ಯಾವ. ಎಲ್ಲಾ ನಿಮ್ಮ ಗುಂಡಿ ಬುಡದಾಗ."

ಅವನು ಗೆರೆಗಳನ್ನು ನೋಡಿದ, ನನ್ನನ್ನು ನೋಡಿದ. "ಭೂಕಂಪ ಎಲ್ಲಿದು ಮೇಡಂ? ಲಾರಿ ಓಡ್ಯಾಡಿದ್ದು ಇದು."

"ಹಂಗಾರ ಲಾರಿ ಸೀಳಿದ ಗ್ವಾಡಿ ಕಟ್ಟಿಸಿ ಕೊಡ್ರಿ," ಅಂದರು ಮಾಸ್ತರು.

"ಲಾರಿ ನಮ್ಮವಲ್ರೀ, ಬಾಡಿಗಿ ಲಾರಿ."

ಮಾಸ್ತರಿಗೆ ತಡೆಯಲಾಗಲಿಲ್ಲ. "ಬ್ಲಾಸ್ಟಿಂಗ್ ಅಲ್ಲ, ಭೂಕಂಪ ಅಲ್ಲ, ಲಾರಿ ನಿಮ್ಮವಲ್ಲ. ಏನೂ ಕಾರಣಿಲ್ದ ಗ್ವಾಡಿ ಸೀಳ್ತೈತೇನ್ರೀ?"

"ಸರ್ಕಾರಿ ಗ್ವಾಡಿ ಅಲ್ಲೇನ್ರೀ ಮಾಸ್ತರ?" ಅಂದ ಅವನು. "ಅದಕ್ಕ ಕಾರಣ ಬೇಕಾಗಂಗಿಲ್ಲ."

೪. ಬಣ್ಣ

ಕೊನೆಗೆ ಆ ಹಳ್ಳಿಯವರ ಅಭಿಪ್ರಾಯ ಕೇಳಲು ಒಂದು ಸಭೆ ಸೇರಿತು. ಸರ್ಕಾರದ ದೊಡ್ಡ ಅಧಿಕಾರಿಯೊಬ್ಬರು ಅಧ್ಯಕ್ಷರು. ನನ್ನ ವರದಿಯಲ್ಲಿದ್ದ ಅಪಾಯದ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ತಂದವರು ಕಂಪನಿಯವರು. ಅದನ್ನು ಗೋಡೆಗೆ ತೂಗು ಹಾಕಿದಾಗ ನಾನು ಕೂತಲ್ಲಿಂದ ಎದ್ದು ನಿಂತೆ. ಜಾರುವ ಅಪಾಯ ಇರುವ ಕಡೆಗೆಲ್ಲ ನಾನು ಕೆಂಪು ಬಳಿದಿದ್ದೆ. ಅಲ್ಲೆಲ್ಲ ಈಗ ತಂಪು ಹಸಿರು.

ಮ್ಯಾನೇಜರ್ ಹತ್ತಿರ ಹೋಗಿ, "ಬಣ್ಣ ಯಾರು ಬದಲಿ ಮಾಡಿದ್ರೀ?" ಅಂದೆ.

"ಕೆಂಪು ಕಂಡ್ರ ಜನ ಅಂಜತಾರ ಮೇಡಂ. ಬಣ್ಣ ಅಷ್ಟ, ಅಂಕಿ ಮುಟ್ಟಿಲ್ಲ."

ಕಬ್ಬಿಣದ ಅದಿರಿನ ಧೂಳು ಕೂತು ಆ ಊರಿನಲ್ಲಿ ರಸ್ತೆ ಕೆಂಪು, ಬೇವಿನ ಎಲೆ ಕೆಂಪು, ಎಮ್ಮೆ ಕೆಂಪು, ಒಗೆದು ಹಾಕಿದ ಬಿಳಿ ಪಂಚೆ ಕೆಂಪು. ಆ ಧೂಳಿಗೆ ಅಂಜದ ಕಂಪನಿ ನನ್ನ ನಕ್ಷೆಯ ಕೆಂಪಿಗೆ ಅಂಜಿತ್ತು. ನಾನು ಮೈಕಿನ ಕಡೆ ಹೆಜ್ಜೆ ಇಡುವಷ್ಟರಲ್ಲಿ ಮುಂದೆ ಕೂತಿದ್ದ ಒಬ್ಬ ಮುದುಕಿ ಎದ್ದು ನಿಂತಳು.

"ಯಪ್ಪಾ, ಇದು ಯಾವೂರದು?"

"ನಿಮ್ಮೂರದ ಅಮ್ಮಾ," ಅಂದರು ಮ್ಯಾನೇಜರ್.

"ಸುಳ್ಳು ಹೇಳಬ್ಯಾಡ. ನಮ್ಮೂರಾಗ ಇಷ್ಟು ಹಸರು ಎಲ್ಲೈತಿ?"

ಸಭೆಗೆ ಸಭೆಯೇ ನಕ್ಕಿತು. ಮ್ಯಾನೇಜರ್ ಗಾಬರಿಯಾಗಿ ಬಾಯಿಗೆ ಬಂದದ್ದು ಹೇಳಿದರು: "ಅದು... ನಾವು ಮುಂದ ಹಚ್ಚೋ ಗಿಡ ಅಮ್ಮಾ!"

ನಾನು ಮೈಕು ಕಸಿದುಕೊಂಡೆ. "ಅದು ಗಿಡ ಅಲ್ರೀ. ಎಲ್ಲಿ ಹಸರೈತೋ ಅಲ್ಲೇ ನೆಲ ಜಾರೋದು. ನಾ ಕೊಟ್ಟಾಗ ಅದು ಕೆಂಪಿತ್ತು." ನಕ್ಷೆಯ ಕಡೆ ಕೈ ತೋರಿಸಿದೆ. "ಎಲ್ಲಾದಕ್ಕಿಂತ ಗಾಢ ಹಸರು ಎಲ್ಲೈತಿ ನೋಡ್ರಿ. ನಿಮ್ಮ ಸಾಲಿ ಮ್ಯಾಲೆ."

ನಗು ನಿಂತಿತು. ಅಧ್ಯಕ್ಷರು ಎದ್ದು ನಕ್ಷೆಯ ಹತ್ತಿರ ಹೋಗಿ ನೋಡಿದರು, ಮ್ಯಾನೇಜರನ್ನೂ ನೋಡಿದರು. ಖರೇ ಬಣ್ಣದ ನಕ್ಷೆ ಬರುವ ತನಕ ಹಳ್ಳಿಯ ಬದಿಯಲ್ಲಿ ಅಗೆಯುವುದು, ಬ್ಲಾಸ್ಟಿಂಗ್ ಎರಡೂ ಬಂದ್ ಅಂದರು. ಮ್ಯಾನೇಜರ್ ಕೈ ಮುಗಿದರು. "ಸರ್, ನಾಳೇನ ಬ್ಯಾರೆ ನಕ್ಷೆ ತರ್ತೀವ್ರೀ."

ಮುದುಕಿ ಇನ್ನೂ ಕೂತಿರಲಿಲ್ಲ.

"ಬ್ಯಾರೆ ಯಾಕಪ್ಪಾ, ಇದ ಇರಲಿ, ಭಾಳ ಚೆಂದೈತಿ," ಅಂದಳು. "ನೀ ಮೊದಲ ಹೋಗಿ ಆ ಗಿಡ ಹಚ್ಚು. ಅವು ಇಷ್ಟು ಹಸರಾದ ಮ್ಯಾಲೆ ಇದನ್ನ ತಗೊಂಡು ಬಾ."